ದುಡ್ಡು ಕೊಟ್ಟ ಮೇಲೂ ಎಐ ಎಷ್ಟು ಯೋಚಿಸಬೇಕೆಂದು ಹೇಳುವ ಅಧಿಕಾರ ನಮಗಿಲ್ಲವೇ?

ಪಿಯು ಮೇಷ್ಟ್ರು, ಶಿರಸಿ

ನಾನು ದ್ವಿತೀಯ ಪಿಯುಸಿಗೆ ಭೌತಶಾಸ್ತ್ರ ಹೇಳುವವನು. ಪ್ರೋಗ್ರಾಮಿಂಗ್ ನನಗೆ ಬರುವುದಿಲ್ಲ, ಬಲ್ಲವರು ಇಲ್ಲಿ ಇದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ತಿಂಗಳಿಗೆ ಸುಮಾರು ಎರಡು ಸಾವಿರ ರೂಪಾಯಿ ಕೊಟ್ಟು ಒಂದು ಎಐ ಚಾಟ್‌ಬಾಟ್‌ಗೆ ಚಂದಾದಾರನಾಗಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಎಲ್ಲರೂ ‘ಅದನ್ನು ಬಿಡಿ, ಇದನ್ನು ಕೊಳ್ಳಿ’ ಎನ್ನುತ್ತೀರಿ, ನನ್ನ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ನನ್ನ ಕೆಲಸ ಇಷ್ಟು: ಸಿಇಟಿ ಮಾದರಿ ಪ್ರಶ್ನೆಪತ್ರಿಕೆ ತಯಾರಿಸುತ್ತೇನೆ. 60 ಪ್ರಶ್ನೆ, 80 ನಿಮಿಷ. ಪ್ರಶ್ನೆ ಬರೆದುಕೊಡಲು ನನಗೆ ಯಾರೂ ಬೇಕಿಲ್ಲ. ನನಗೆ ಬೇಕಾಗಿರುವುದು ತಕರಾರು ತೆಗೆಯುವವರು. ಈ ಪ್ರಶ್ನೆಗೆ ಒಂದೇ ಸರಿ ಉತ್ತರ ಇದೆಯೇ, ದತ್ತಾಂಶ ಸಾಲುತ್ತದೆಯೇ, ಬುದ್ಧಿವಂತ ಹುಡುಗಿಯೊಬ್ಬಳು ಎದ್ದು ನಿಂತು ‘ಸರ್, ಇನ್ನೊಂದು ಆಯ್ಕೆಯೂ ಸರಿಯಾಗುತ್ತದಲ್ಲ’ ಎನ್ನುವ ಸಂಭವ ಇದೆಯೇ? ಇದನ್ನೆಲ್ಲ ನೋಡಲು ಎಐ ನಿಜಕ್ಕೂ ಒಳ್ಳೆಯದು, ಆದರೆ ಅದು ಕುಳಿತು ಯೋಚಿಸಿದಾಗ ಮಾತ್ರ.

ಒಂದು ಉದಾಹರಣೆ ಕೊಡುತ್ತೇನೆ. ಹಳೆಯ ಗೈಡೊಂದರಲ್ಲಿ ಈ ಪ್ರಶ್ನೆ ಇತ್ತು: ಗಾಜಿನ ಪಾತ್ರೆಯ ತಳಕ್ಕೆ ಮಂಜುಗಡ್ಡೆಯೊಂದು ಗಟ್ಟಿಯಾಗಿ ಅಂಟಿಕೊಂಡಿದೆ. ಪಾತ್ರೆಯಲ್ಲಿ ನೀರಿದೆ, ಮಂಜುಗಡ್ಡೆಯ ಸ್ವಲ್ಪ ಭಾಗ ನೀರಿನಿಂದ ಮೇಲಕ್ಕೆ ಕಾಣುತ್ತಿದೆ. ಅದು ಪೂರ್ತಿ ಕರಗಿದಾಗ ನೀರಿನ ಮಟ್ಟ ಏನಾಗುತ್ತದೆ? ಗೈಡಿನ ಕೀಲಿ ಉತ್ತರ ‘ಇಳಿಯುತ್ತದೆ’.

ಚಾಟ್‌ಬಾಟ್‌ಗೆ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ‘ಬದಲಾಗುವುದಿಲ್ಲ, ಆರ್ಕಿಮಿಡೀಸ್ ತತ್ವ.’ ತೇಲುವ ಮಂಜುಗಡ್ಡೆಯ ಪಾಠವನ್ನು ತಂದು ತೇಲದ ಮಂಜುಗಡ್ಡೆಗೆ ಹೊದಿಸಿತ್ತು. ಅದೇ ಪ್ರಶ್ನೆಯನ್ನು ಯೋಚನೆಯ ಮೋಡ್‌ನಲ್ಲಿ, ಅಂದರೆ ಉತ್ತರಿಸುವ ಮೊದಲು ಹೆಚ್ಚು ಹೊತ್ತು ಯೋಚಿಸುವ ಆಯ್ಕೆಯಲ್ಲಿ, ಕೊಟ್ಟಾಗ ಸಾಕಷ್ಟು ಹೊತ್ತು ತೆಗೆದುಕೊಂಡು ಹೀಗೆ ಹೇಳಿತು: ಮಂಜುಗಡ್ಡೆ ತೇಲುತ್ತಿಲ್ಲ, ಆದ್ದರಿಂದ ಅದರ ಎಷ್ಟು ಭಾಗ ಮುಳುಗಿದೆ ಎಂಬುದು ಗೊತ್ತಿರಬೇಕು. ಕರಗಿದ ನೀರಿನ ಗಾತ್ರ ಮಂಜುಗಡ್ಡೆಯ ಗಾತ್ರದ 0.917 ಪಾಲು. ಮುಳುಗಿದ ಭಾಗ ಅದಕ್ಕಿಂತ ಹೆಚ್ಚಿದ್ದರೆ ಮಟ್ಟ ಇಳಿಯುತ್ತದೆ, ಕಡಿಮೆ ಇದ್ದರೆ ಏರುತ್ತದೆ. ಕೊಟ್ಟ ಮಾಹಿತಿ ಸಾಲದು. ಕರಗುತ್ತಾ ಅದು ತಳದಿಂದ ಬಿಡಿಸಿಕೊಂಡು ತೇಲಬಹುದು, ಆದರೂ ಕೊನೆಯ ಮಟ್ಟದಲ್ಲಿ ವ್ಯತ್ಯಾಸವಾಗುವುದಿಲ್ಲ ಎಂದೂ ಸೇರಿಸಿತ್ತು. ಸ್ಟಾಫ್ ರೂಮಿನಲ್ಲಿ ಇಷ್ಟು ಚೊಕ್ಕವಾಗಿ ಹೇಳುವವರು ಸಿಗುವುದು ಅಪರೂಪ.

ಹಾಗಾದರೆ ತೊಂದರೆ ಏನು ಎನ್ನುತ್ತೀರಾ? ಈ ಎರಡನೆಯ ಉತ್ತರ ಯಾವಾಗ ಸಿಗುತ್ತದೆ ಎಂಬುದು ನನ್ನ ಕೈಯಲ್ಲಿಲ್ಲ. ಯೋಚಿಸಬೇಕೋ ಬೇಡವೋ ಎಂದು ಅದೇ ನಿರ್ಧರಿಸುವ ‘ಆಟೊ’ಗೆ ಬಿಟ್ಟರೆ ಚಿಕ್ಕ ಪ್ರಶ್ನೆಗಳನ್ನೆಲ್ಲ ಸುಲಭವೆಂದು ತಿಳಿದು ತಳ್ಳಿಬಿಡುತ್ತದೆ. ಭೌತಶಾಸ್ತ್ರದಲ್ಲಿ ಎರಡು ಸಾಲಿನ ಪ್ರಶ್ನೆಯೇ ಹೆಚ್ಚು ಅಪಾಯಕಾರಿ ಎಂದು ಅದಕ್ಕೆ ಯಾರು ಹೇಳಬೇಕು? ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗಾಗಿ ಪ್ರಶ್ನೆಗಳನ್ನು ಕನ್ನಡದಲ್ಲೂ ಬರೆಯುತ್ತೇನೆ. ಕನ್ನಡದಲ್ಲಿ ಕೇಳಿದರೆ ತಳ್ಳುವಿಕೆ ಇನ್ನೂ ಜಾಸ್ತಿ ಎಂದು ನನ್ನ ಅನುಭವ. ಕಂಪ್ಯೂಟರಿನಲ್ಲಿ ಯೋಚನೆಯ ಮೋಡ್ ಆರಿಸಬಹುದು, ಆದರೆ ಹೊಸ ಸಂಭಾಷಣೆ ತೆರೆದ ಕೂಡಲೇ ಮತ್ತೆ ಆಟೊ. ಮೊಬೈಲ್‌ನಲ್ಲಿ ಆ ಆಯ್ಕೆ ಎಲ್ಲಿ ಅಡಗಿದೆಯೋ ದೇವರೇ ಬಲ್ಲ. ವಾರಕ್ಕೆ ಇಷ್ಟು ಎಂಬ ಮಿತಿ ಇದೆಯಂತೆ, ಎಷ್ಟು ಉಳಿದಿದೆ ಎಂದು ತೋರಿಸುವುದಿಲ್ಲ. ಮುಗಿದಾಗ ಸದ್ದಿಲ್ಲದೆ ಕೆಳದರ್ಜೆಯ ಎಐ ಮಾದರಿಗೆ (ಮಾಡೆಲ್) ಇಳಿಸುತ್ತದೆ. ಉತ್ತರದ ಧಾಟಿ ಬದಲಾದದ್ದನ್ನು ನೋಡಿ ನಾನೇ ಊಹಿಸಬೇಕು.

ನನಗೆ ತೀರಾ ಸಿಟ್ಟು ಬರಿಸಿದ್ದು ಇನ್ನೊಂದಿದೆ. ಅದು ಯೋಚಿಸುತ್ತಿರುವಾಗ ‘ಈಗಲೇ ಉತ್ತರಿಸು’ ಎಂಬ ಗುಂಡಿ ಕಾಣಿಸುತ್ತದೆ. ಅವಸರ ಮಾಡಲು ಗುಂಡಿ ಇದೆ, ‘ನಿಧಾನವಾಗಿ ನೋಡು ಮಾರಾಯ, ನನಗೇನೂ ಅವಸರವಿಲ್ಲ’ ಎನ್ನಲು ಇಲ್ಲ!

ನಾನು ಅಪರಿಮಿತವಾಗಿ ಕೊಡಿ ಎಂದು ಕೇಳುತ್ತಿಲ್ಲ. ಕಳುಹಿಸುವ ಮೊದಲು ಎಷ್ಟು ಯೋಚಿಸಬೇಕೆಂದು ನಾನು ಹೇಳಬೇಕು, ನನ್ನ ಪಾಲಿನಲ್ಲಿ ಎಷ್ಟು ಉಳಿದಿದೆ ಎಂದು ಅದು ಹೇಳಬೇಕು. ಇಷ್ಟನ್ನು ಕೊಡುವುದು ಅಷ್ಟು ಕಷ್ಟವೇ? ಅಥವಾ ಬೇಕೆಂದೇ ಕೊಡುತ್ತಿಲ್ಲವೇ?

ಕೋಡ್ ಕೂಲಿ, ಬೆಂಗಳೂರು

ಮೇಷ್ಟ್ರೇ ನಮಸ್ಕಾರ. ಕಷ್ಟವೇನೂ ಅಲ್ಲ. ಯೋಚನೆಯನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ ಆಗಲೇ ಇದೆ, ನಿಮಗೆ ಕಾಣದ ಬಾಗಿಲಿನ ಹಿಂದೆ ಇದೆ.

ಪ್ರೋಗ್ರಾಮರ್‌ಗಳು ಮಾದರಿಯನ್ನು ನೇರವಾಗಿ ಬಳಸಲು ಕೊಡುವ ಎಪಿಐ ಎಂಬ ದಾರಿಯಲ್ಲಿ ಎಲ್ಲ ದೊಡ್ಡ ಕಂಪನಿಗಳೂ ಇದನ್ನು ಕೊಟ್ಟಿವೆ. 2025ರ ಫೆಬ್ರವರಿಯಲ್ಲಿ ಆಂತ್ರೊಪಿಕ್ ಕಂಪನಿಯ ಕ್ಲಾಡ್ 3.7 ಸಾನೆಟ್ ಬಂದಾಗ ಎಷ್ಟು ಟೋಕನ್‌ವರೆಗೆ (ಟೋಕನ್ ಎಂದರೆ ಮಾದರಿ ಓದುವ, ಬರೆಯುವ ಪದದ ತುಣುಕು) ಯೋಚಿಸಬಹುದೆಂದು ಸಂಖ್ಯೆಯಲ್ಲೇ ಹೇಳಬಹುದಿತ್ತು, ಕನಿಷ್ಠ 1,024. ಗೂಗಲ್‌ನ ಜೆಮಿನಿ 2.5 ಫ್ಲ್ಯಾಶ್‌ನಲ್ಲಿ ಸೊನ್ನೆಯಿಂದ 24,576ರವರೆಗೆ. ಓಪನ್‌ಎಐ ಕಂಪನಿಯ ಜಿಪಿಟಿ-5ರ ಎಪಿಐಯಲ್ಲಿ ನಾಲ್ಕು ಮೆಟ್ಟಿಲು: ಮಿನಿಮಲ್, ಲೋ, ಮೀಡಿಯಮ್, ಹೈ. ಚಂದಾದಾರರ ಆ್ಯಪ್‌ಗೆ ಬಂದಾಗ ಇವೆಲ್ಲ ಕುಗ್ಗಿ ಒಂದೆರಡು ಗುಂಡಿಗಳಾಗುತ್ತವೆ.

ಕಾರಣ ದುಡ್ಡು. ಮಾದರಿ ಒಳಗೊಳಗೇ ಯೋಚಿಸುವ ಟೋಕನ್‌ಗಳೂ ಉತ್ತರದ ಟೋಕನ್‌ಗಳ ದರದಲ್ಲೇ ಲೆಕ್ಕಕ್ಕೆ ಬರುತ್ತವೆ. ಜಿಪಿಟಿ-5 ಬಿಡುಗಡೆಯಾದಾಗ ಎಪಿಐ ದರ ಹತ್ತು ಲಕ್ಷ ಟೋಕನ್ ಪ್ರಶ್ನೆಗೆ 1.25 ಡಾಲರ್, ಉತ್ತರಕ್ಕೆ 10 ಡಾಲರ್. ನಿಮ್ಮ ಮಂಜುಗಡ್ಡೆಗೆ ಅದು 8,000 ಟೋಕನ್ ಯೋಚಿಸಿತು ಎಂದಿಟ್ಟುಕೊಳ್ಳಿ, 8 ಸೆಂಟ್, ಅಂದರೆ ಸುಮಾರು 7 ರೂಪಾಯಿ. ಅಂಥ 60 ಪ್ರಶ್ನೆಗೆ 420 ರೂಪಾಯಿ. ತಿಂಗಳಿಗೆ ಐದು ಪತ್ರಿಕೆ ಮಾಡಿದರೆ ನಿಮ್ಮ ಚಂದಾ ಖಾಲಿ. ಒಂದೇ ದರದ ಚಂದಾ ಎನ್ನುವುದು ಹೋಟೆಲ್‌ನ ಫುಲ್ ಮೀಲ್ಸ್ ಇದ್ದಂತೆ. ಅರ್ಧ ಊಟ ಮಾಡಿ ಏಳುವವರ ದುಡ್ಡಿನಲ್ಲಿ ನಾಲ್ಕು ಸಲ ಅನ್ನ ಹಾಕಿಸಿಕೊಳ್ಳುವವರ ಊಟ ನಡೆಯಬೇಕು. ಚಾಟ್‌ಜಿಪಿಟಿಯ ತಿಂಗಳಿಗೆ 200 ಡಾಲರ್‌ನ ಪ್ರೊ ಚಂದಾದಲ್ಲೂ ನಷ್ಟವಾಗುತ್ತಿದೆ, ಜನ ನಾವೆಣಿಸಿದ್ದಕ್ಕಿಂತ ಹೆಚ್ಚು ಬಳಸುತ್ತಿದ್ದಾರೆ ಎಂದು 2025ರ ಜನವರಿಯಲ್ಲಿ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ ಬರೆದಿದ್ದರು.

ಇನ್ನೊಂದು ಅಂಕಿ ನೋಡಿ. 2025ರ ಆಗಸ್ಟ್ 7ರಂದು ಜಿಪಿಟಿ-5 ಬಂದಾಗ ಹಳೆಯ ಮಾದರಿಗಳ ಪಟ್ಟಿಯನ್ನೇ ತೆಗೆದು, ಯಾವಾಗ ಯೋಚಿಸಬೇಕೆಂದು ತಾನೇ ನಿರ್ಧರಿಸುವ ರೌಟರ್ ಇಟ್ಟರು. ದಿನಕ್ಕೆ ಯೋಚಿಸುವ ಮಾದರಿಗಳನ್ನು ಬಳಸುವವರು ದುಡ್ಡು ಕೊಡುವ ಪ್ಲಸ್ ಚಂದಾದಾರರಲ್ಲಿ ಶೇ 7ರಿಂದ ಶೇ 24ಕ್ಕೆ ಏರಿದರು ಎಂದು ಆಲ್ಟ್‌ಮನ್ ಕೆಲವು ದಿನಗಳಲ್ಲೇ ಹೇಳಿದರು. ಅದಕ್ಕೂ ಮೊದಲು ದುಡ್ಡು ಕೊಟ್ಟವರಲ್ಲೇ ನೂರಕ್ಕೆ 93 ಮಂದಿ ಯಾವುದೇ ಒಂದು ದಿನ ಅದನ್ನು ಮುಟ್ಟುತ್ತಿರಲಿಲ್ಲ. ಕಂಪನಿಯ ಕಣ್ಣಿಗೆ ನೀವು ಅಲ್ಪಸಂಖ್ಯಾತರು, ಮೇಷ್ಟ್ರೇ.

ಪಿಯು ಮೇಷ್ಟ್ರು, ಶಿರಸಿ

ಲೆಕ್ಕ ಕೊಟ್ಟು ಮಾತನಾಡುವವರನ್ನು ಕಂಡರೆ ನನಗೆ ಇಷ್ಟ. ಆದರೆ ಆ ಶೇ 93ರ ತರ್ಕವನ್ನು ಒಪ್ಪುವುದಿಲ್ಲ. ಆಗ ಆ ಪಟ್ಟಿಯಲ್ಲಿದ್ದ ಹೆಸರುಗಳೇನು? 4ಓ, ಓ3, ಓ4-ಮಿನಿ, ಓ4-ಮಿನಿ-ಹೈ. ಇವುಗಳಲ್ಲಿ ಯಾವುದು ಯೋಚಿಸುತ್ತದೆ, ಯಾವುದು ಬಾಯಿಗೆ ಬಂದದ್ದು ಹೇಳುತ್ತದೆ ಎಂದು ಒಬ್ಬ ವಕೀಲರಿಗೋ ಅಡಿಕೆ ವ್ಯಾಪಾರಿಗೋ ಹೇಗೆ ತಿಳಿಯಬೇಕು? ಬೋರ್ಡ್ ಇಲ್ಲದ ಬಾಗಿಲನ್ನು ಯಾರೂ ತಟ್ಟಲಿಲ್ಲ ಎಂದು ಬಾಗಿಲನ್ನೇ ಗೋಡೆ ಮಾಡಿದರೆ ಹೇಗೆ?

ರೌಟರ್ ಬಂದಾಗ ಗಲಾಟೆಯಾದದ್ದು ನಾನೂ ಪತ್ರಿಕೆಯಲ್ಲಿ ಓದಿದ್ದೆ. ಮೊದಲ ದಿನವೇ ಅದು ಬಹಳ ಹೊತ್ತು ಕೆಟ್ಟು ಕುಳಿತಿತ್ತು, ಹಾಗಾಗಿ ಜಿಪಿಟಿ-5 ದಡ್ಡನಂತೆ ಕಂಡಿತು ಎಂದು ಅವರೇ ಒಪ್ಪಿಕೊಂಡರಲ್ಲ. ಕೆಲವೇ ದಿನಗಳಲ್ಲಿ ಆಟೊ, ಫಾಸ್ಟ್, ಥಿಂಕಿಂಗ್ ಎಂದು ಮೂರು ಆಯ್ಕೆಗಳನ್ನು ವಾಪಸು ಕೊಟ್ಟರು. ಜನ ಕೂಗಿದ್ದಕ್ಕೆ ಕೊಟ್ಟರು. ಅಂದರೆ ಕೊಡಲು ಬರುತ್ತದೆ ಎಂದಾಯಿತು.

ಇನ್ನು ದುಡ್ಡಿನ ಮಾತು. ಖರ್ಚಾಗುತ್ತದೆ ಎಂಬುದು ನ್ಯಾಯ. ಹಾಗಿದ್ದರೆ ಮೀಟರ್ ಇಡಿ. ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ ಬರುತ್ತದೆ, ಮೊಬೈಲ್‌ನಲ್ಲಿ ಉಳಿದ ಡೇಟಾ ಕಾಣುತ್ತದೆ. ಮಿತಿ ಇಟ್ಟದ್ದಕ್ಕೆ ನನ್ನ ಜಗಳವಿಲ್ಲ, ಮಿತಿಯನ್ನು ಮುಚ್ಚಿಟ್ಟದ್ದಕ್ಕೆ ಜಗಳ. ನನಗೆ ವಾರಕ್ಕೆ ನೂರೇ ಕೊಡಲಿ. ಯಾವ ನೂರು ಪ್ರಶ್ನೆಗೆ ಎಂದು ನಾನು ಆರಿಸುತ್ತೇನೆ. ರಜಾ ಅರ್ಜಿ ಬರೆಸಲು ಅದು ಯೋಚಿಸುವುದು ಬೇಡ.

ಲೆಡ್ಜರ್ ಅಕ್ಕ, ದಾವಣಗೆರೆ

ಸರ್, ನಿಮ್ಮದು ಯೋಚಿಸುವುದಿಲ್ಲ ಎಂಬ ದೂರು, ನನ್ನದು ಯೋಚನೆ ನಿಲ್ಲಿಸುವುದೇ ಇಲ್ಲ ಎಂಬ ದೂರು. ನಾನು ಜಿಎಸ್‌ಟಿ ರಿಟರ್ನ್ಸ್ ಮಾಡುವವಳು. 11ನೇ ತಾರೀಖಿನ ಜಿಎಸ್‌ಟಿಆರ್-1, 20ರ 3ಬಿ ಎಂಬ ರಿಟರ್ನ್‌ಗಳ ಗಡುವು ಹತ್ತಿರ ಬಂದಾಗ ಒಬ್ಬರ ಹಿಂದೆ ಒಬ್ಬರು ಫೋನ್ ಮಾಡುತ್ತಿರುತ್ತಾರೆ. ಒಂದು ವಸ್ತುವಿನ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕನ್ನು ಗುರುತಿಸುವ ಸಂಖ್ಯೆ) ಕೇಳಿದರೆ ‘ಯೋಚಿಸುತ್ತಿದ್ದೇನೆ’ ಎಂದು ಕುಳಿತುಬಿಡುತ್ತದೆ. ಪಾರ್ಟಿಯವರು ಲೈನ್‌ನಲ್ಲಿ ಕಾಯುತ್ತಿರುತ್ತಾರೆ.

ಇನ್ನೂ ಒಂದು ಮಾತು ಹೇಳಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಶೇ 12 ಮತ್ತು ಶೇ 28ರ ಹಂತಗಳು ಬಹುಪಾಲು ಹೋಗಿ ಶೇ 5 ಮತ್ತು ಶೇ 18 ಉಳಿದವು. ಆ ಹೊತ್ತಿನಲ್ಲಿ ಒಂದು ವಸ್ತುವಿನ ದರ ಕೇಳಿದರೆ ಅದು ದೀರ್ಘವಾಗಿ ಯೋಚಿಸಿ, ಅಧ್ಯಾಯ, ಟಿಪ್ಪಣಿ ಎಲ್ಲ ತೂಗಿ, ಹಳೆಯ ಶೇ 12 ಎಂದು ಗಂಭೀರವಾಗಿ ಹೇಳಿತು. ಗೊತ್ತಿಲ್ಲದ ಸಂಗತಿಯನ್ನು ಎಷ್ಟು ಹೊತ್ತು ಯೋಚಿಸಿದರೆ ಗೊತ್ತಾಗುತ್ತದೆ? ಅಲ್ಲಿ ಬೇಕಾಗಿದ್ದದ್ದು ಇಂಟರ್ನೆಟ್‌ನಲ್ಲಿ ಹುಡುಕುವುದು. ಆದ್ದರಿಂದ ನನಗೆ ಎರಡು ಗುಂಡಿ ಬೇಕು: ‘ಯೋಚಿಸಬೇಡ’ ಒಂದು, ‘ಹೋಗಿ ನೋಡಿಕೊಂಡು ಬಾ’ ಇನ್ನೊಂದು.

ಪಿಯು ಮೇಷ್ಟ್ರು, ಶಿರಸಿ

ಮೇಡಂ, ನಿಮ್ಮ ದೂರು ನನ್ನದರ ಇನ್ನೊಂದು ಮಗ್ಗುಲು, ವಿರೋಧವಲ್ಲ. ನೀವು ಬೇಡ ಎಂದಾಗ ಬೇಡ, ನಾನು ಬೇಕು ಎಂದಾಗ ಬೇಕು. ಇಬ್ಬರಿಗೂ ಒಂದೇ ಆಟೊ ಕೊಟ್ಟು ಇಬ್ಬರನ್ನೂ ಅರ್ಧಕ್ಕೆ ಬಿಟ್ಟಿದ್ದಾರೆ. ಹುಡುಕುವುದು ಬೇರೆ, ಯೋಚಿಸುವುದು ಬೇರೆ ಎಂದದ್ದು ಬಹಳ ಸರಿ. ನನ್ನ ಕೆಲಸದಲ್ಲಿ ಹುಡುಕುವುದೇ ಅಪಾಯ. ಅದು ಹೋಗಿ ಅದೇ ಗೈಡಿನ ತಪ್ಪು ಕೀಲಿ ಉತ್ತರವನ್ನು ಎಲ್ಲಿಂದಲೋ ಎತ್ತಿಕೊಂಡು ಬರುತ್ತದೆ.

ಸಂಶಯಾತ್ಮ

ಎಲ್ಲರೂ ಹೆಚ್ಚು ಯೋಚಿಸಿದರೆ ಹೆಚ್ಚು ಸರಿ ಎಂದು ನಂಬಿಕೊಂಡಿರುವಂತಿದೆ. 2025ರ ಜೂನ್‌ನಲ್ಲಿ ಆ್ಯಪಲ್‌ನ ಸಂಶೋಧಕರು ಹನೋಯ್ ಗೋಪುರದಂಥ (ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವ) ಒಗಟುಗಳನ್ನು ಕೊಟ್ಟು ಪರೀಕ್ಷಿಸಿದ ಪ್ರಬಂಧ ಬಂತು. ಸುಲಭದ ಒಗಟುಗಳಲ್ಲಿ ಯೋಚಿಸದ ಮಾದರಿಗಳೇ ಸರಿಸಮ, ಕೆಲವೊಮ್ಮೆ ಮೇಲು. ಮಧ್ಯಮದಲ್ಲಿ ಯೋಚನೆ ನೆರವಾಯಿತು. ತೀರಾ ಕಠಿಣವಾದಾಗ ಎರಡೂ ಕುಸಿದವು. ಇನ್ನೂ ಟೋಕನ್ ಉಳಿದಿರುವಾಗಲೇ ಯೋಚನೆಯನ್ನು ಕಡಿಮೆ ಮಾಡಿಬಿಟ್ಟವು ಎಂಬುದು ಅದರ ಇನ್ನೊಂದು ಅಂಶ. ಮೇಷ್ಟ್ರಿಗೆ ‘ನಿಧಾನ’ ಎಂಬ ಗುಂಡಿ ಕೊಟ್ಟರೆ ಅವರು ಸದಾ ಅದನ್ನೇ ಒತ್ತುತ್ತಾರೆ. ಕಂಪ್ಯೂಟರ್ ಬಿಸಿಯಾಗುತ್ತದೆ, ಉತ್ತರ ಅದೇ ಬರುತ್ತದೆ. ತೋರಿಸುವ ಯೋಚನೆಯೂ ಸಾರಾಂಶ ಅಷ್ಟೇ, ಒಳಗೆ ನಡೆದದ್ದು ಅದೇ ಎಂಬುದಕ್ಕೆ ಖಾತರಿ ಇಲ್ಲ.

ಪಿಯು ಮೇಷ್ಟ್ರು, ಶಿರಸಿ

ಆ ಪ್ರಬಂಧದ ಸುದ್ದಿ ನನಗೂ ತಲುಪಿದೆ, ಅದರ ಮೇಲೆ ಎದ್ದ ತಕರಾರುಗಳೂ ತಲುಪಿವೆ. ನದಿ ದಾಟಿಸುವ ಒಗಟಿನಲ್ಲಿ ಕೆಲವು ಪ್ರಶ್ನೆಗಳಿಗೆ ಪರಿಹಾರವೇ ಇರಲಿಲ್ಲ, ಆದರೂ ಬಿಡಿಸಲಿಲ್ಲ ಎಂದು ಮಾದರಿಗೆ ಸೊನ್ನೆ ಕೊಟ್ಟಿದ್ದರು ಎಂದು ಟೀಕಿಸಿದವರಿದ್ದಾರೆ. ಉತ್ತರವಿಲ್ಲದ ಪ್ರಶ್ನೆ ಕೊಟ್ಟು ಅಂಕ ಕಳೆಯುವುದು! ನಾನು ಯಾವುದನ್ನು ತಪ್ಪಿಸಲು ಒದ್ದಾಡುತ್ತಿದ್ದೇನೋ ಅದೇ.

ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಮಿತಿಮೀರಿ ಯೋಚಿಸಿ ಸರಿಯಾದ ಪ್ರಶ್ನೆಯಲ್ಲೂ ಇಲ್ಲದ ಹುಳುಕು ಹುಡುಕಿದ್ದನ್ನು ನಾನೂ ಕಂಡಿದ್ದೇನೆ. ‘ಘರ್ಷಣೆರಹಿತ ಮೇಜು’ ಎಂದು ಸ್ಪಷ್ಟವಾಗಿ ಬರೆದಿದ್ದರೂ ಗಾಳಿಯ ಪ್ರತಿರೋಧದ ಬಗ್ಗೆ ಪುಟಗಟ್ಟಲೆ ಚಿಂತಿಸಿತ್ತು. ಅದಕ್ಕೇ ಹೇಳುವುದು, ಎಲ್ಲಿ ಎಷ್ಟು ಎಂಬುದು ವಿಷಯ ಬಲ್ಲವನಿಗೆ ಗೊತ್ತು. ಗುಂಡಿ ಕೊಟ್ಟರೆ ಸದಾ ಒತ್ತುತ್ತಾರೆ ಎಂಬ ವಾದ ನನಗೆ ಹೊಸದಲ್ಲ. ಲ್ಯಾಬಿನ ಕಪಾಟಿನ ಬೀಗದ ಕೈ ಮಕ್ಕಳಿಗೆ ಕೊಡಬೇಡಿ ಎನ್ನುವವರೂ ಹೀಗೇ ಹೇಳುತ್ತಾರೆ.

ಮಣಿಪಾಲದ ಹುಡುಗ

ಸರ್, ನಾನು ಎಂಜಿನಿಯರಿಂಗ್ ಮೂರನೆಯ ವರ್ಷ. ನಿಮಗೆ ಬೇಕಾದ ತಿರುಗಣೆ ಪುಕ್ಕಟೆಯಾಗಿ ಬೇಕಿದ್ದರೆ ಸ್ವಂತ ಕಂಪ್ಯೂಟರಿನಲ್ಲಿ ಮಾದರಿ ಹಾಕಿಕೊಳ್ಳಬಹುದು. 2025ರ ಆಗಸ್ಟ್‌ನಲ್ಲಿ ಓಪನ್‌ಎಐ ಬಿಟ್ಟ ಜಿಪಿಟಿ-ಓಎಸ್‌ಎಸ್‌ ಎಂಬ ಮಾದರಿಯ 20ಬಿ ಎಂಬ ಚಿಕ್ಕ ಆವೃತ್ತಿಗೆ 16 ಜಿಬಿ ಮೆಮೊರಿ ಸಾಕು. ಅದಕ್ಕೆ ಕೊಡುವ ಸೂಚನೆಯಲ್ಲೇ ಯೋಚನೆ ಲೋ, ಮೀಡಿಯಮ್ ಅಥವಾ ಹೈ ಎಂದು ಬರೆದರಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಅಲಿಬಾಬಾ ಕಂಪನಿಯ ಕ್ವೆನ್ 3ರಲ್ಲಿ ಪ್ರಶ್ನೆಯ ಜೊತೆಗೇ ‘ಥಿಂಕ್’ ಅಥವಾ ‘ನೋ ಥಿಂಕ್’ ಎಂಬ ಸೂಚನೆ ಹಾಕಬಹುದು. ಒಲಾಮಾ ಎಂಬ ತಂತ್ರಾಂಶ ಇಟ್ಟುಕೊಂಡರೆ ಹಾಕುವುದು ಕಷ್ಟವಲ್ಲ. ಯೋಚನೆ ಪೂರ್ತಿ ಕಾಣುತ್ತದೆ, ಸಾರಾಂಶವಲ್ಲ. ವಾರದ ಮಿತಿಯೂ ಇಲ್ಲ.

ಎರಡು ಎಚ್ಚರಿಕೆ: ಇವುಗಳ ಕನ್ನಡ ಸಾಧಾರಣ, ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಕೊಡಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ನಿಮಗೆ ಬೇಕಾದ್ದಕ್ಕಿಂತ ಹೆಚ್ಚು ನಿಧಾನ ಸಿಗುತ್ತದೆ.

ಕೋಡ್ ಕೂಲಿ, ಬೆಂಗಳೂರು

ಹುಡುಗ ಹೇಳಿದ್ದು ಸರಿ, ಆದರೆ ಕಾಲೇಜಿನ ಕಂಪ್ಯೂಟರಿನಲ್ಲಿ 16 ಜಿಬಿ ಇರುವುದು ಅನುಮಾನ. ಮೇಷ್ಟ್ರೇ, ನೀವು ಮಧ್ಯದ ದಾರಿ ನೋಡಿ. ಚಂದಾವನ್ನು ರಜಾ ಅರ್ಜಿ, ಸುತ್ತೋಲೆಗಳಿಗೆ ಇಟ್ಟುಕೊಳ್ಳಿ ಅಥವಾ ಬಿಟ್ಟೇಬಿಡಿ. ಪ್ರಶ್ನೆಪತ್ರಿಕೆ ತಪಾಸಣೆಗೆ ಎಪಿಐ ಬಳಸಿ. ಕೋಡ್ ಬರೆಯಬೇಕಿಲ್ಲ, ಕಂಪನಿಗಳೇ ‘ಪ್ಲೇಗ್ರೌಂಡ್’ ಎಂಬ ಪುಟ ಕೊಟ್ಟಿವೆ. ಅಲ್ಲಿ ಎಡಕ್ಕೋ ಬಲಕ್ಕೋ ಯೋಚನೆಯ ಮಟ್ಟ ಆರಿಸುವ ಪೆಟ್ಟಿಗೆ ಇರುತ್ತದೆ, ಎಷ್ಟು ಟೋಕನ್ ಖರ್ಚಾಯಿತು ಎಂದು ಕಾಣುತ್ತದೆ. ನೀವು ಕೇಳಿದ ಮೀಟರ್ ಅದೇ. ಓಪನ್‌ಎಐಯಲ್ಲಾದರೆ ಕನಿಷ್ಠ 5 ಡಾಲರ್ ಮುಂಗಡ ತುಂಬಿದರೆ ಸಾಕು.

ಚಂದಾದಲ್ಲೇ ಉಳಿಯುವುದಾದರೆ ಎರಡು ಉಪಾಯ. ‘ಚೆನ್ನಾಗಿ ಯೋಚಿಸಿ ಹೇಳು’ ಎಂದು ಪ್ರಶ್ನೆಯಲ್ಲೇ ಬರೆಯಿರಿ. ಜಿಪಿಟಿ-5ರ ರೌಟರ್ ಇಂಥ ಮಾತನ್ನು ಗಮನಿಸುತ್ತದೆ ಎಂದು ಕಂಪನಿಯೇ ಹೇಳಿತ್ತು. ಬೇರೆಯವುಗಳಲ್ಲೂ ಮಾಡಿ ನೋಡಬಹುದು, ಆ ಸಾಲನ್ನು ಇಂಗ್ಲಿಷಿನಲ್ಲೂ ಹಾಕಿ. ಎರಡನೆಯದು, ‘ಸರಿ ಉತ್ತರ ಯಾವುದು’ ಎಂದು ಕೇಳಬೇಡಿ. ‘ನಾಲ್ಕೂ ಆಯ್ಕೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಯಾವ ಪರಿಸ್ಥಿತಿಯಲ್ಲಿ ಅದು ಸರಿಯಾಗಬಹುದು ಎಂದು ಬರೆ’ ಎಂದು ಕೇಳಿ. ಯೋಚನೆಯ ಮೋಡ್ ಇಲ್ಲದಿದ್ದರೂ ಉತ್ತರದೊಳಗೇ ಯೋಚಿಸುವಂತೆ ಮಾಡಿದ ಹಾಗಾಗುತ್ತದೆ.

ಪಿಯು ಮೇಷ್ಟ್ರು, ಶಿರಸಿ

ಈ ಎರಡನೆಯ ಉಪಾಯವನ್ನು ಇಂದು ಮಧ್ಯಾಹ್ನ ಮೊಬೈಲ್‌ನಲ್ಲೇ ಪ್ರಯತ್ನಿಸಿದೆ. ಗೋಡೆಗೆ ಒತ್ತಿ ಹಿಡಿದ ಪೆಟ್ಟಿಗೆಯ ಪ್ರಶ್ನೆ ಕೊಟ್ಟೆ: ದ್ರವ್ಯರಾಶಿ 2 ಕೆಜಿ, ಒತ್ತುವ ಬಲ 50 ನ್ಯೂಟನ್, ಸ್ಥಿತ ಘರ್ಷಣಾಂಕ 0.5, ಪೆಟ್ಟಿಗೆ ನಿಶ್ಚಲವಾಗಿದೆ, ಘರ್ಷಣ ಬಲ ಎಷ್ಟು? ಆಯ್ಕೆಗಳನ್ನು ಒಂದೊಂದಾಗಿ ನೋಡು ಎಂದದ್ದಕ್ಕೆ, 25 ಎಂಬುದು ಗರಿಷ್ಠ ಮಿತಿ ಮಾತ್ರ, ತೂಕ 20 ಆದ್ದರಿಂದ ಘರ್ಷಣ ಬಲವೂ 20 ಎಂದು ನೆಟ್ಟಗೆ ಬಿಡಿಸಿತು. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿಯಬೇಕೆಂದು ಪ್ರಶ್ನೆಯಲ್ಲಿ ಹೇಳಿಲ್ಲ ಎಂದೂ ಎತ್ತಿ ತೋರಿಸಿತು. ಉಪಕಾರವಾಯಿತು.

ಆದರೆ ಒಂದು ಮಾತು. ಇದು ನಾನು ಕಲಿಯಬೇಕಾದ ಕಸರತ್ತೇ? ದುಡ್ಡು ಕೊಟ್ಟವನು ಯಂತ್ರವನ್ನು ಪುಸಲಾಯಿಸಿ ಕೆಲಸ ತೆಗೆಯುವ ವಿದ್ಯೆ ಕಲಿಯಬೇಕು ಎನ್ನುವುದನ್ನು ನಾನು ಇನ್ನೂ ಒಪ್ಪಿಲ್ಲ. ಕಂಪನಿಗೆ ಪತ್ರ ಬರೆದಿದ್ದೇನೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ತಕ್ಷಣ ಉತ್ತರ ಬಂತು. ಅದನ್ನು ಬರೆದದ್ದು ಯೋಚಿಸದ ಮಾದರಿಯೇ ಇರಬೇಕು.

ಮುಂದಿನ ತಿಂಗಳು ಚಂದಾ ನಿಲ್ಲಿಸಿ ಆ ಪ್ಲೇಗ್ರೌಂಡ್‌ಗೆ 5 ಡಾಲರ್ ತುಂಬುತ್ತೇನೆ. ನಿಮ್ಮ ಲೆಕ್ಕದಂತೆ 60ಕ್ಕಿಂತ ಹೆಚ್ಚೇ ಪ್ರಶ್ನೆಯಾಗುತ್ತದೆ, ಒಂದು ಪತ್ರಿಕೆಗೆ ಸಾಕು. ನನ್ನ ಡೆಬಿಟ್ ಕಾರ್ಡ್ ಅಲ್ಲಿ ನಡೆಯುತ್ತದೆಯೇ?

ಕೋಡ್ ಕೂಲಿ, ಬೆಂಗಳೂರು

ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಎಂಬುದನ್ನು ಮೊದಲು ಚಾಲೂ ಮಾಡಿ, ಮಿತಿಯನ್ನು ಸಾವಿರ ರೂಪಾಯಿಗೆ ಇಡಿ. ತಾನಾಗಿಯೇ ಮತ್ತೆ ತುಂಬುವ ಆಯ್ಕೆಯನ್ನು ಕಡ್ಡಾಯವಾಗಿ ತೆಗೆದುಹಾಕಿ.

ಲೆಡ್ಜರ್ ಅಕ್ಕ, ದಾವಣಗೆರೆ

ಇಬ್ಬರೂ ತೆರಿಗೆ ಮರೆತಿದ್ದೀರಿ. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ವಿದೇಶಿ ಕಂಪನಿ ಇಂಥ ಸೇವೆ ಕೊಟ್ಟರೆ ಶೇ 18 ಐಜಿಎಸ್‌ಟಿಯನ್ನು ಅವರೇ ವಸೂಲು ಮಾಡಿ ಕಟ್ಟಬೇಕು. 5 ಡಾಲರ್ ಎಂದರೆ 5.90 ಎಂದು ಹಿಡಿಯಿರಿ, ಅದರ ಮೇಲೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ. ಬಿಲ್ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ ಸರ್, ಪತ್ರಿಕೆಯ ಖರ್ಚೆಂದು ಕಾಲೇಜಿನವರು ಕೊಟ್ಟರೂ ಕೊಟ್ಟಾರು.